ಪೆಟ್ರೋಲ್ ಟಾಕಿಯ ಗಾಳಿ ಕಾಟ

ಆ ಹಳೆಯ ಪಿಕಪ್ಪು ಗಜೇಂದ್ರಗಡದ ನನ್ನ ಗ್ಯಾರೇಜಿನ ಮುಂದೆ ಬಂದು ನಿಂತಾಗ ಒಳಗಿದ್ದ ಇಬ್ಬರೂ ಕಿಟಕಿಯಿಂದ ಮೂತಿ ಹೊರಗೆ ಹಾಕಿ ಉಸಿರಾಡುತ್ತಿದ್ದರು. ಎಡಗಡೆ ಸೀರೆ ವ್ಯಾಪಾರದ ಸಾವುಕಾರ, ಬಲಗಡೆ ಅವನ ಡ್ರೈವರ್. ಡ್ರೈವರನಿಗೆ ಊರೆಲ್ಲ ಚಾಚಾ ಎನ್ನುತ್ತಿತ್ತು. ಸಾವುಕಾರನ ಅಪ್ಪನ ಕಾಲದಿಂದ ಅದೇ ಗಾಡಿಯ ಸ್ಟೇರಿಂಗ್ ಹಿಡಿದವರು. ಇಳಿದವನೇ ಸಾವುಕಾರ ಒಂದು ಗಂಟು ಬಿಚ್ಚಿ, ಹೊಸ ಸೀರೆಯೊಂದನ್ನು ನನ್ನ ಮೂಗಿಗೆ ಹಿಡಿದ. ಪೆಟ್ರೋಲ್ ವಾಸನೆ ಗಪ್ಪೆಂದು ಹೊಡೆಯಿತು.

"ನರಗುಂದದ ಅಂಗಡಿಯಂವ ತಿರುಗಿ ಕಳಿಸ್ಯಾನ. ಇದು ಉಡೂ ಸೀರಿಯೋ, ಸ್ಟೋ ಹಚ್ಚೂ ಅರಿವಿಯೋ ಅಂತ ಕೇಳ್ಯಾನ."

"ಚಲೋ ಕೇಳ್ಯಾನ್ರಿ" ಎಂದೆ. ಸಾವುಕಾರ ನಗಲಿಲ್ಲ. ತನ್ನ ಮೇಲಿನ ಹಾಸ್ಯಕ್ಕೆ ನಗುವ ಗಾಡಿ ಮಾಲಕನನ್ನು ನಾನು ಇಂದಿಗೂ ನೋಡಿಲ್ಲ.

ನಮ್ಮೂರ ಗುಡ್ಡದ ಮೇಲೆ ಗಾಳಿಯಂತ್ರದ ಕಂಬಗಳು ಏಳುತ್ತಿದ್ದ ವರ್ಷ ಅದು. ಗಾಳಿಯಿಂದ ಕರೆಂಟು ತೆಗೆಯುತ್ತಾರಂತೆ ಎಂದು ಚಾದಂಗಡಿಯಲ್ಲಿ ದಿನಾ ಭಾಷಣ ನಡೆಯುತ್ತಿತ್ತು. ಸೈಕಲ್ಲಿಗೆ ಗಾಳಿ ತುಂಬಲು ಬಾರದವರೂ ಅಲ್ಲಿ ಗಾಳಿಯ ವಿಷಯದಲ್ಲಿ ಪಂಡಿತರು. ನಾನೂ ಅವರಲ್ಲಿ ಒಬ್ಬನಾಗಿದ್ದೆ. ಅದೇ ಪಾಂಡಿತ್ಯದಲ್ಲಿ ಒಬ್ಬ ಮನುಷ್ಯನ ಹೆಸರು ಕೆಡಿಸಿದೆ. ಅದನ್ನು ಹೇಳಲೆಂದೇ ಇದನ್ನು ಬರೆಯಲು ಕೂತಿದ್ದೇನೆ.

ಆ ಗಾಡಿಯ ಪೆಟ್ರೋಲ್ ಟಾಕಿ ಇದ್ದದ್ದು ಕ್ಯಾಬಿನ್ನಿನ ಒಳಗೆ, ಸೀಟಿನ ಬೆನ್ನ ಹಿಂದೆ. ಯಾರು ಹಾಗೆ ಮಾಡಿದರೋ, ಅವರ ಜಾಣತನಕ್ಕೆ ಒಂದು ಕೈ ಮುಗಿಯಬೇಕು. ಹಿಂದಿನ ತೆರೆದ ಡಬ್ಬಿಯಲ್ಲಿ ಧೂಳು ಬೀಳುತ್ತದೆಂದು ಸಾವುಕಾರ ಸೀರೆ ಗಂಟುಗಳನ್ನು ಆ ಟಾಕಿಯ ಮೇಲೆಯೇ ಒಟ್ಟುತ್ತಿದ್ದ. ಗಜೇಂದ್ರಗಡದಿಂದ ಜಕ್ಕಲಿ ದಾಟಿ ರೋಣ, ಅಲ್ಲಿಂದ ನರಗುಂದ, ವಾರಕ್ಕೆ ಎರಡು ಸಲ ಅವನ ಮಾಲು ಹೋಗುತ್ತಿತ್ತು. ಟಾಕಿಯನ್ನು ಕ್ಯಾಬಿನ್ನಿನಿಂದ ತೆಗೆದು ಹಿಂದೆ, ಚಾಸಿಯ ಕೆಳಗೆ ಕೂಡಿಸಬೇಕು ಎಂಬುದು ಕೆಲಸ.

ಹುಬ್ಬಳ್ಳಿಯ ಗುಜರಿಯಿಂದ ಯಾವುದೋ ಹಳೇ ಕಾರಿನ ಚಪ್ಪಟೆ ಟಾಕಿ ತಂದೆ. ಒಳಗಿನ ತುಕ್ಕು ಹೋಗಲೆಂದು ಸಣ್ಣ ಜಲ್ಲಿ, ಸೀಮೆಎಣ್ಣೆ ಹಾಕಿ ಅಲುಗಾಡಿಸಿ ತೊಳೆದೆ. ಕುತ್ತಿಗೆಗೆ ಬೆಸುಗೆ ಹಾಕುವ ಮುಂಚೆ ಟಾಕಿಯ ತುಂಬ ನೀರು ತುಂಬಿಸಿದೆ. ಖಾಲಿ ಟಾಕಿಯಲ್ಲಿ ಉಳಿದ ಪೆಟ್ರೋಲ್ ಆವಿ ಬಾಂಬಿಗೆ ಸಮ. ಆಮೇಲೆ ಹಿಂದಿನ ಗಾಲಿಗಳ ಆಚೆ, ಚಾಸಿಯ ಎರಡು ತೊಲೆಗಳ ನಡುವೆ, ಹಳೇ ಟೈರಿನ ತುಂಡು ಮೆತ್ತೆಯಾಗಿ ಕೊಟ್ಟು ಕಬ್ಬಿಣದ ಪಟ್ಟಿಯಿಂದ ಬಿಗಿದೆ. ತೊಲೆಯ ಗುಂಟ ತಾಮ್ರದ ಪೈಪು ಎಳೆದು ಎಂಜಿನ್ನಿನ ಪಂಪಿಗೆ ಜೋಡಿಸಿದೆ.

ಟಾಕಿಯ ನೆತ್ತಿಯಲ್ಲಿ ಮೂರು ನಳಿಕೆಗಳಿದ್ದವು. ಒಂದು ಪೆಟ್ರೋಲ್ ಹೋಗಲು, ಒಂದು ಹೆಚ್ಚಾದದ್ದು ತಿರುಗಿ ಬರಲು, ಮೂರನೆಯದು ಟಾಕಿಗೆ ಗಾಳಿ ಆಡಲು. ನಮ್ಮ ಹಳೇ ಎಂಜಿನ್ನಿಗೆ ಎರಡನೆಯದು ಬೇಕಾಗಿರಲಿಲ್ಲ. ಮೊದಲ ದಿನ ಗುಡ್ಡದ ಇಳಿಜಾರಿನಲ್ಲಿ ಓಡಿಸಿ ನೋಡಿದಾಗ ಮೂರನೆಯದರಿಂದ ಪೆಟ್ರೋಲ್ ತುಳುಕಿತು. ನಾನು ಎರಡನೆಯದಕ್ಕೂ ಮೂರನೆಯದಕ್ಕೂ ತುಂಡು ರಬ್ಬರ್ ಪೈಪು ತುರುಕಿ, ಬಾಯಿಗೆ ಬೋಲ್ಟು ಜಡಿದು, ಕ್ಲಿಪ್ಪು ಬಿಗಿದುಬಿಟ್ಟೆ. ಹಳೇ ಮುಚ್ಚಳವನ್ನೇ ಹಾಕಿದ್ದೆ, ಅದರಲ್ಲಿ ಸೂಜಿ ತೂತಿತ್ತು, ಗಾಳಿಗೆ ಅಷ್ಟು ಸಾಕಾಗಿತ್ತು. ಗಾಡಿ ಸರಾಗ ಓಡಿತು. ಎರಡು ವಾರ ಸೀರೆಗಳು ಸೀರೆಯದೇ ವಾಸನೆ ಹೊತ್ತು ನರಗುಂದ ಮುಟ್ಟಿದವು.

ಮೂರನೆಯ ವಾರ ಸಾವುಕಾರನ ತಲೆಯಲ್ಲಿ ಹುಳ ಹೊಕ್ಕಿತು. ಟಾಕಿ ಒಳಗಿದ್ದಾಗ ಕಣ್ಣ ಮುಂದೆ ಇತ್ತು, ಈಗ ಹಿಂದೆ ಹೋಯಿತು, ಚಾಚಾ ಪೆಟ್ರೋಲ್ ತೆಗೆದು ಮಾರಿದರೆ? ಮಾರಿದ್ದನ್ನು ಕಂಡವರಿಲ್ಲ, ಕೇಳಿದವರಿಲ್ಲ. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ. ಹುಬ್ಬಳ್ಳಿಯಿಂದ ಕೀಲಿ ಇರುವ ಮುಚ್ಚಳ ತಂದ. ಅದು ಕುತ್ತಿಗೆಗೆ ಸರಿಯಾಗಿ ಕೂಡಲಿಲ್ಲ. ನಾನೇ ದಪ್ಪ ರಬ್ಬರಿನ ವಾಶರ್ ಕತ್ತರಿಸಿ ಒಳಗೆ ಹಾಕಿ, ಗಾಳಿಯೂ ನುಸುಳದಂತೆ ಬಿಗಿ ಮಾಡಿಕೊಟ್ಟೆ. ಗಾಳಿಯೂ ನುಸುಳುವುದಿಲ್ಲ ನೋಡ್ರಿ ಎಂದು ಬಾಯಿಬಿಟ್ಟು ಹೇಳಿದ್ದೂ ನಾನೇ. ಸಾವುಕಾರ ಖುಷಿಯಿಂದ ಕೀಲಿಯನ್ನು ತನ್ನ ಉಡದಾರಕ್ಕೆ ಕಟ್ಟಿಕೊಂಡ. ಚಾಚಾ ಪಕ್ಕದಲ್ಲೇ ನಿಂತು ಎಲ್ಲ ನೋಡುತ್ತಿದ್ದರು.

ಮುಂದಿನ ಸೋಮವಾರ ಸಾವುಕಾರ ಪೆಟ್ರೋಲ್ ಬಂಕಿನಲ್ಲಿ ಟಾಕಿ ತುಂಬಿಸಿ, ಕೀಲಿ ಹಾಕಿ ಗಾಡಿ ಕಳಿಸಿದ. ಜಕ್ಕಲಿ ಇನ್ನೇನು ಬಂತು ಎನ್ನುವಾಗ, ಒಂದು ಸಣ್ಣ ಸೇತುವೆಯ ಹತ್ತಿರ, ಗಾಡಿ ಎರಡು ಸಲ ಮುಗ್ಗರಿಸಿ ನಿಂತಿತು. ಅರ್ಧ ತಾಸಿನ ಮೇಲೆ ತಾನಾಗಿಯೇ ಚಾಲೂ ಆಯಿತು. ಗುರುವಾರ ಮತ್ತೆ ಟಾಕಿ ತುಂಬಿಸಿದರು, ಮತ್ತೆ ಅದೇ ಸೇತುವೆ. ಆ ಸೇತುವೆಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಚಾಚಾನ ಮಗಳ ಗಂಡನ ಮನೆ ಇತ್ತು. ಸಾವುಕಾರನಿಗೆ ಅಷ್ಟು ಸಾಕಾಗಿತ್ತು.

"ಏನಪಾ ಚಾಚಾ, ನನ್ನ ಗಾಡಿಗೂ ನಿನ್ನ ಮಗಳ ಮನಿ ನೆನಪಾಗಾಕತ್ತೈತೇನು?" ಎಂದು ನನ್ನ ಗ್ಯಾರೇಜಿನಲ್ಲಿ ನಾಲ್ಕು ಜನರ ಮುಂದೆ ಕೇಳಿದ.

"ಗಾಡ್ಯಾಗ ಮಾಲ ಇರ್ತೈತ್ರಿ. ಬಿಟ್ಟ ಹ್ಯಾಂಗ ಹೋಗ್ಲಿ? ಮಗಳೇ ಚಾ ತೊಗೊಂಡು ರಸ್ತಾಕ ಬರ್ತಾಳ್ರಿ" ಎಂದರು ಚಾಚಾ.

ನಾನು ಬಾನೆಟ್ ಎತ್ತಿದೆ. ಟಾಕಿ ಹಿಂದೆ ಹೋಗಿದೆ, ಪಂಪು ಮುಂದೆ ಇದೆ, ಅಷ್ಟು ದೂರದಿಂದ ಎಳೆಯಲು ಪಂಪಿಗೆ ದಮ್ಮಿಲ್ಲ ಎಂದು ತೀರ್ಪು ಕೊಟ್ಟು ಪಂಪಿನೊಳಗಿನ ರಬ್ಬರ್ ಪರದೆ ಬದಲಿಸಿದೆ. ಸೇತುವೆ ಹತ್ತಿರ ನಿಂತಿತು. ಫಿಲ್ಟರ್ ಬದಲಿಸಿದೆ, ನಿಂತಿತು. ಪ್ಲಗ್ಗು, ಕಾಯಿಲ್ಲು, ಕಂಡೆನ್ಸರ್, ಒಂದೊಂದಾಗಿ ಎಲ್ಲ ಬದಲಾದವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, ತಿಂಗಳುಗಟ್ಟಲೆ ನಾನು ಮುಂದಿನ ಎಮ್ಮೆಗೇ ಬರೆ ಎಳೆಯುತ್ತಾ ಕೂತೆ. ಕೊನೆಗೆ, ಬಿಸಿಲಿಗೆ ಪಂಪಿನಲ್ಲಿ ಪೆಟ್ರೋಲ್ ಆವಿಯಾಗುತ್ತದೆ, ಗಾಡಿ ನಿಂತಾಗ ಪಂಪಿನ ಮೇಲೆ ಒದ್ದೆ ಚಿಂದಿ ಹಾಕಿ ಅರ್ಧ ತಾಸು ಬಿಡಬೇಕು ಎಂದು ಚಾಚಾನಿಗೆ ಹೇಳಿಕೊಟ್ಟೆ. ಅವರು ಹಾಗೆ ಮಾಡಿದರು, ಗಾಡಿ ಹೊರಟಿತು. ನಾನು ಎದೆ ಉಬ್ಬಿಸಿದೆ.

ಆ ದಿನಗಳಲ್ಲೇ ಒಂದು ಮಧ್ಯಾಹ್ನ ಚಾಚಾ ಒಬ್ಬರೇ ಬಂದರು. ನಾನು ಟ್ರ್ಯಾಕ್ಟರ್ ಒಂದರ ಕೆಳಗೆ ಮಲಗಿದ್ದೆ. ಅವರು ಕುಕ್ಕರುಗಾಲಲ್ಲಿ ಕೂತು, ಬಗ್ಗಿ, ಮೆಲ್ಲಗೆ ಹೇಳಿದರು.

"ಮಿಸ್ತ್ರಿ, ನನಗನಸೂದು, ಇದು ಗಾಳಿ ಕಾಟ ಐತ್ರಿ. ನಿನ್ನಿ ಬಂಕಿನ್ಯಾಗ ಸಾವ್ಕಾರ್ರು ಮುಚ್ಚಳ ತಗದ ಕೂಡ್ಲೇ..."

ಅವರ ಮಾತು ಮುಗಿಯಲು ನಾನು ಬಿಡಲಿಲ್ಲ. ನಮ್ಮ ಕಡೆ ಗಾಳಿ ಕಾಟ ಎಂದರೆ ದೆವ್ವದ ಕಾಟ. ಹೊತ್ತಲ್ಲದ ಹೊತ್ತಿನಲ್ಲಿ ಹುಣಸೆ ಗಿಡದ ಕೆಳಗೆ ಹಾದವರಿಗೆ ಗಾಳಿ ಬಡಿಯುತ್ತದೆ, ಬಾಣಂತಿಗೆ ಗಾಳಿ ಸೋಕುತ್ತದೆ. ನಾನು ಟ್ರ್ಯಾಕ್ಟರ್ ಕೆಳಗಿನಿಂದಲೇ ಹೊಟ್ಟೆ ಹಿಡಿದು ನಕ್ಕೆ.

"ಹಂಗಾದ್ರ ನನ್ನ ಕಡೆ ಯಾಕ ಬಂದ್ಯೋ ಚಾಚಾ? ದರ್ಗಾಕ್ಕ ಒಯ್ಯಿ, ತಾಯತ ಕಟ್ಟಸು!"

ಚಾಚಾ "ಆತ್ರಿ" ಎಂದು ಎದ್ದು ಹೋದರು.

ಅಷ್ಟಕ್ಕೆ ಬಿಟ್ಟಿದ್ದರೆ ನಾನು ಬರೀ ದಡ್ಡ ಎನ್ನಿಸಿಕೊಳ್ಳುತ್ತಿದ್ದೆ. ನಾನು ಸಂಜೆ ಚಾದಂಗಡಿಗೆ ಹೋಗಿ, ಚಾಚಾ ಕೂತ ಹಾಗೆ ಕೂತು, ಬಗ್ಗಿದ ಹಾಗೆ ಬಗ್ಗಿ, "ಮಿಸ್ತ್ರಿ, ಇದು ಗಾಳಿ ಕಾಟ ಐತ್ರಿ" ಎಂದು ಅವರ ದನಿಯಲ್ಲೇ ಆಡಿ ತೋರಿಸಿದೆ. ಜನ ಬಿದ್ದು ಬಿದ್ದು ನಕ್ಕರು. ಎರಡನೆಯ ಸಲ ಆಡಿಸಿದರು, ಆಡಿದೆ.

ಮರುದಿನ ಸಾವುಕಾರ ಗಾಡಿಯ ಮುಂದೆ ನಿಂಬೆಹಣ್ಣು, ಹಸಿಮೆಣಸಿನಕಾಯಿ ಕಟ್ಟಿಸಿದ. ಅವನು ನಗಲಿಲ್ಲ, ನಂಬಿದ. ಡ್ರೈವರನೇ ಹೇಳುತ್ತಿದ್ದಾನೆಂದರೆ ಇದ್ದೇ ಇರಬೇಕು ಎಂದ. ಆ ವಾರ ಗಾಡಿಯಲ್ಲಿ ಒಬ್ಬ ಪೂಜಾರಿಯನ್ನು ಕಳಿಸಿ, ಸೇತುವೆ ಹತ್ತಿರ ನಿಂತಾಗ ತೆಂಗಿನಕಾಯಿ ಒಡೆಸಿದ. ಪೂಜಾರಿ ಆರಾಮಾಗಿ ಅರ್ಧ ತಾಸು ಮಂತ್ರ ಹೇಳಿದ, ಗಾಡಿ ಚಾಲೂ ಆಯಿತು. ಕಾಗೆ ಕೂತದ್ದಕ್ಕೂ ಟೊಂಗೆ ಮುರಿದದ್ದಕ್ಕೂ ಗಂಟು ಹಾಕುವ ಈ ಜನರನ್ನು ಕಂಡು ನನಗೆ ಬಹಳ ಹೇಸಿಗೆ ಎನಿಸಿತು. ನನ್ನ ಒದ್ದೆ ಚಿಂದಿಯೂ ಅವನ ತೆಂಗಿನಕಾಯಿಯೂ ಅದೇ ಅರ್ಧ ತಾಸು ತೆಗೆದುಕೊಳ್ಳುತ್ತವೆ ಎಂಬುದು ಮಾತ್ರ ಹೊಳೆಯಲಿಲ್ಲ.

ಕಾಯಿ ಒಡೆದರೂ ಮುಂದಿನ ವಾರ ಗಾಡಿ ಮತ್ತೆ ನಿಂತಿತು, ಅದರ ಮರುಸಲ ಸಾವುಕಾರ ತಾನೇ ಪರೀಕ್ಷೆ ಮಾಡುತ್ತೇನೆಂದು ಚಾಚಾನ ಪಕ್ಕ ಕೂತ. ಅವತ್ತು ಟಾಕಿ ಅರ್ಧ ಇತ್ತು, ತುಂಬಿಸದೇ ಹೊರಟರು. ಗಾಡಿ ಸೇತುವೆ ದಾಟಿತು, ಜಕ್ಕಲಿ ದಾಟಿತು, ರೋಣ ದಾಟಿ ನರಗುಂದದ ತನಕ ಹೂವಿನ ಹಾಗೆ ಹೋಯಿತು. ಸಾವುಕಾರ ಗಾಡಿಯಿಂದ ಇಳಿದ ಮೇಲೆ ಚಾಚಾನಿಗೆ ಎರಡೇ ಮಾತು ಹೇಳಿದನಂತೆ. ನಾನಿದ್ದರೆ ದೆವ್ವ ಇಲ್ಲ, ನೀನೊಬ್ಬನೇ ಇದ್ದರೆ ದೆವ್ವ ಇದೆ. ನಾಳೆಯಿಂದ ಬರಬೇಡ.

ಚಾಚಾನ ಜಾಗಕ್ಕೆ ಸಾವುಕಾರನ ಹೆಂಡತಿಯ ತಮ್ಮ ಬಂದ. ಗೇರ್ ಹಾಕುವಾಗ ಹಲ್ಲು ಕಡಿಯುವ ಸದ್ದು ಬರುತ್ತಿತ್ತು, ಗಾಡಿಯದೋ ಅವನದೋ ತಿಳಿಯುತ್ತಿರಲಿಲ್ಲ. ಮೊದಲ ಸೋಮವಾರವೇ ಟಾಕಿ ತುಂಬಿಸಿಕೊಂಡು ಹೋದ. ಅದೇ ಸೇತುವೆ, ಅದೇ ಮುಗ್ಗರಿಕೆ. ಈಗಲಾದರೂ ಸಾವುಕಾರನಿಗೆ ಬುದ್ಧಿ ಬರಬೇಕಿತ್ತು. ಬಂದದ್ದು ಬೇರೆಯೇ. ಕೆಲಸ ಬಿಡಿಸಿದ ಸಿಟ್ಟಿಗೆ ಚಾಚಾ ಗಾಡಿಗೆ ಮಾಟ ಮಾಡಿಸಿದ್ದಾನೆ ಎಂದು ಪೇಟೆಯಲ್ಲಿ ಹೇಳುತ್ತಾ ತಿರುಗಿದ. ಚಾಚಾನೇ ಗಾಳಿಯ ಸುದ್ದಿ ಮೊದಲು ಎತ್ತಿದ್ದು, ಮಿಸ್ತ್ರಿಯೇ ಸಾಕ್ಷಿ ಎಂದ. ಆ ಸಾಕ್ಷಿ ನಾನು.

ಅದರ ಮುಂದಿನ ಗುರುವಾರ ಜಕ್ಕಲಿಯ ಕಾಯಿನ್ ಫೋನಿನಿಂದ ಸಾವುಕಾರನ ಮೈದುನ ಗ್ಯಾರೇಜಿಗೆ ಫೋನ್ ಮಾಡಿದ. ಒಂದು ತಾಸಿನಿಂದ ಬಿಡದೆ ಸೆಲ್ಫ್ ಹೊಡೆದು ಬ್ಯಾಟರಿಯೂ ಇಳಿದಿದೆ, ಲಗೂ ಬಾ ಎಂದ. ಬೇರೆ ಬ್ಯಾಟರಿ ಹೊತ್ತು ಬಸ್ಸಿಗೆ ಹೋದೆ. ಸೇತುವೆಯ ಹತ್ತಿರ ಒಬ್ಬ ಮುದುಕಿ ನಿಂತಿದ್ದಳು. ಚಾಚಾನ ಮಗಳ ಅತ್ತೆ. ನನ್ನನ್ನು ನೋಡಿ ಕೇಳಿದಳು.

"ಏ ತಮ್ಮಾ, ನಮ್ಮ ಬೀಗ್ರು ಮಾಟ ಮಾಡಿಸ್ಯಾರಂತ, ಖರೇನು? ಊರಾಗ ಮಾರಿ ತೋರಸದಂಗ ಆಗೈತಿ. ಸೊಸಿಗೆ ನಾ ಹೊರಗ ಕಾಲಿಡಬ್ಯಾಡ ಅಂದೀನಿ."

ನಾನು ಗಾಡಿಯ ಹಿಂದೆ ಹೋದೆ. ಕೈಗೆ ಕೆಲಸ ಬೇಕಿತ್ತು, ಅದಕ್ಕೇ ಹೋದೆ. ಪೆಟ್ರೋಲ್ ಇದೆಯೋ ಇಲ್ಲವೋ ನೋಡೋಣವೆಂದು ಮೈದುನನ ಹತ್ತಿರ ಕೀಲಿ ಕೇಳಿದೆ. ಹೆಂಡತಿಯ ತಮ್ಮನ ಕೈಗೆ ಎರಡನೆಯ ಕೀಲಿ ಸಿಕ್ಕಿತ್ತು. ಇಪ್ಪತ್ತು ವರ್ಷ ಗಾಡಿ ಓಡಿಸಿದ ಚಾಚಾನಿಗೆ ಸಿಕ್ಕಿರಲಿಲ್ಲ.

ಮುಚ್ಚಳ ಕಾಲು ಸುತ್ತು ತಿರುಗಿಸಿದೆ. "ಸುಯ್" ಎಂದು ಟಾಕಿ ಉದ್ದಕ್ಕೆ ಗಾಳಿ ಎಳೆದುಕೊಂಡಿತು. ಒಳಗೆ ಜಗ್ಗಿಹೋಗಿದ್ದ ತಗಡು ಟಪ್ಪೆಂದು ತನ್ನ ಜಾಗಕ್ಕೆ ಬಂತು. ಬ್ಯಾಟರಿ ಜೋಡಿಸಿ ಕೀ ತಿರುಗಿಸಿದರೆ ಎಂಜಿನ್ ಒಂದೇ ಏಟಿಗೆ ಹಿಡಿಯಿತು.

ನಾನು ಸೇತುವೆಯ ಕಟ್ಟೆಯ ಮೇಲೆ ಕೂತುಬಿಟ್ಟೆ. ಪೆಟ್ರೋಲ್ ಹೊರಗೆ ಹೋದಷ್ಟು ಗಾಳಿ ಒಳಗೆ ಬರಬೇಕು. ಎಣ್ಣೆ ಡಬ್ಬಿಗೆ ಎರಡು ತೂತು ಹೊಡೆಯುವ ಹೆಂಗಸರಿಗೂ ಗೊತ್ತಿರುವ ಮಾತು. ನಳಿಕೆಗೆ ಬೋಲ್ಟು ಜಡಿದವನು ನಾನು, ಮುಚ್ಚಳಕ್ಕೆ ವಾಶರ್ ಹಾಕಿದವನು ನಾನು. ಪಂಪು ಎಳೆಯುತ್ತಾ ಎಳೆಯುತ್ತಾ ಟಾಕಿಯ ಉಸಿರು ಕಟ್ಟಿ ಗಾಡಿ ನಿಲ್ಲುತ್ತಿತ್ತು. ಅರ್ಧ ತಾಸಿನಲ್ಲಿ ವಾಶರಿನ ಸಂದಿಯಿಂದ ಒಂದಿಷ್ಟು ಗಾಳಿ ಜಿನುಗಿ ಒಳಗೆ ಬಂದ ಮೇಲೆ ಮತ್ತೆ ಓಡುತ್ತಿತ್ತು. ಟಾಕಿ ತುಂಬಿದ್ದರೆ ಒಳಗೆ ಗಾಳಿಗೆ ಜಾಗವೇ ಇಲ್ಲ, ಬೇಗ ಉಸಿರು ಕಟ್ಟುತ್ತದೆ, ಪ್ರತಿಸಲ ಸರಿಯಾಗಿ ಜಕ್ಕಲಿಗೆ. ಅರ್ಧ ಟಾಕಿಯಲ್ಲಿ ಗಾಳಿ ಬೇಕಾದಷ್ಟಿತ್ತು, ಅದಕ್ಕೇ ಸಾವುಕಾರನ ಪರೀಕ್ಷೆಯ ದಿನ ನಿಲ್ಲಲಿಲ್ಲ. ಚಾಚಾ ಗಾಳಿ ಎಂದದ್ದು ಗಾಳಿಯನ್ನೇ. ಬಂಕಿನಲ್ಲಿ ಮುಚ್ಚಳ ತೆಗೆದಾಗ ಈ "ಸುಯ್" ಕೇಳಿ, ಅದನ್ನು ಹೇಳಲು ಬಂದಿದ್ದರು.

ಗ್ಯಾರೇಜಿಗೆ ಗಾಡಿ ತಂದು ಕೆಲಸಕ್ಕೆ ಕೂತೆ. ಸುಲಭದ ದಾರಿ ಒಂದಿತ್ತು. ಮುಚ್ಚಳಕ್ಕೆ ಡ್ರಿಲ್ಲಿನಿಂದ ಒಂದು ತೂತು, ಐದು ನಿಮಿಷದ ಕೆಲಸ. ಯಾರಿಗೂ ಏನೂ ತಿಳಿಯುತ್ತಿರಲಿಲ್ಲ, ಮಿಸ್ತ್ರಿ ದೆವ್ವ ಬಿಡಿಸಿದ ಎಂದು ಹೆಸರೂ ಬರುತ್ತಿತ್ತು. ಡ್ರಿಲ್ಲು ಕೈಯಲ್ಲಿ ಹಿಡಿದದ್ದೂ ಹೌದು, ಸುಳ್ಳು ಹೇಳುವುದಿಲ್ಲ. ಆಮೇಲೆ ಕೆಳಗಿಟ್ಟೆ. ಹಿಂದಿನ ಗಾಲಿ ಎಬ್ಬಿಸುವ ಎರೆಮಣ್ಣಿನ ಧೂಳು, ಮಳೆಯ ನೀರು ಎಲ್ಲ ಆ ತೂತಿನಿಂದ ಒಳಗೆ ಇಳಿಯುತ್ತವೆ ಎಂಬುದು ಒಂದು ಕಾರಣ. ಇನ್ನೊಂದು ಆ ಮುದುಕಿಯ ಮಾತು.

ಟಾಕಿ ಇಳಿಸಿ ಮೂರನೆಯ ನಳಿಕೆಯ ಬೋಲ್ಟು ಕಿತ್ತೆ. ಅದಕ್ಕೆ ಪೈಪು ಹಾಕಿ ನೆಲದ ಕಡೆ ಇಳಿಬಿಟ್ಟೆ. ಟಾಕಿ ತುಂಬಿಸಿ ಗುಡ್ಡದ ಏರಿಗೆ ಹತ್ತಿಸಿದರೆ ಪೆಟ್ರೋಲ್ ಆ ಪೈಪಿನಿಂದ ಇಳಿಯಲು ಶುರುವಾದದ್ದು ನಿಲ್ಲಲೇ ಇಲ್ಲ, ಅರ್ಧ ಕೊಡದಷ್ಟು ರಸ್ತೆಯ ಪಾಲಾಯಿತು. ಪೈಪಿನ ಬಾಯಿ ಟಾಕಿಗಿಂತ ಕೆಳಗಿದ್ದರೆ ಒಮ್ಮೆ ಇಳಿದ ಪೆಟ್ರೋಲ್ ಉಳಿದದ್ದನ್ನೂ ಎಳೆದುಕೊಂಡು ಬರುತ್ತದೆ. ಮರುದಿನ ಪೈಪನ್ನು ಮೇಲಕ್ಕೆ ಒಯ್ದೆ. ಟಾಕಿಯ ನೆತ್ತಿಯಿಂದ ಡಬ್ಬಿಯ ಮೂಲೆ ಹಿಡಿದು, ಪೆಟ್ರೋಲ್ ಹಾಕುವ ಬಾಯಿಗಿಂತ ಒಂದು ಮೊಳ ಮೇಲೆ ಏರಿಸಿ, ತುದಿಯನ್ನು ಮುದುಕರ ಬಡಿಗೆಯ ಹಿಡಿಕೆಯ ಹಾಗೆ ಕೆಳಗೆ ಬಾಗಿಸಿದೆ. ಬಾಗಿದ ಬಾಯಿಗೆ ಮೋಟರ್ ಸೈಕಲ್ಲಿನ ಸಣ್ಣ ಫಿಲ್ಟರ್ ಸಿಕ್ಕಿಸಿದೆ. ಈಗ ಏರಿನಲ್ಲಿ ತುಳುಕಲಿಲ್ಲ, ಬಿಸಿಲಲ್ಲಿ ಉಬ್ಬಲಿಲ್ಲ.

ಗಾಡಿ ಸರಿಯಾಯಿತು. ಸರಿಯಾದ ಗಾಡಿಯನ್ನು ಹಾಗೇ ಕೊಟ್ಟರೆ ಸಾವುಕಾರ ಅದನ್ನು ನಿಂಬೆಹಣ್ಣಿನ ಖಾತೆಗೇ ಹಾಕುತ್ತಾನೆ ಎಂದು ನನಗೆ ಖಾತ್ರಿ ಇತ್ತು. ಅವನ ಕಣ್ಣ ಮುಂದೆ ನಿಲ್ಲಿಸಿ ತೋರಿಸಬೇಕು ಎಂದು ನಿಶ್ಚಯಿಸಿದೆ. ಅದಕ್ಕೆ ಚಾಚಾ ಬೇಕಿತ್ತು. ಅವರ ಮನೆಗೆ ಹೋಗಿ ಬಾಗಿಲಲ್ಲೇ ನಿಂತು ಹೇಳಿದೆ.

"ಚಾಚಾ, ನೀವು ಹೇಳಿದ್ದು ಖರೇ ಇತ್ತು. ಜಕ್ಕಲಿಗೆ ಬಂದು ಸಾವ್ಕಾರಗ ನೀವ ತೋರಿಸ್ರಿ."

"ಆ ಗಾಡ್ಯಾಗ ನಾ ಕೂಡೂದಿಲ್ರಿ" ಎಂದರು. ನಾನು ಹೊರಡಲು ತಿರುಗಿದಾಗ, "ಬಸ್ಸಿಗೆ ಬರ್ತೀನಿ" ಎಂದರು.

ಸೋಮವಾರ ಟಾಕಿ ತುಂಬಿಸಿದೆವು. ಸಾವುಕಾರ ನೋಡುತ್ತಿರುವಾಗಲೇ ಹೊಸ ಪೈಪನ್ನು ಮಡಚಿ, ಕಚ್ಚಿ ನಿಲ್ಲುವ ಪಕ್ಕಡವೆಂಬ ಇಕ್ಕಳದಿಂದ ಬಿಗಿಯಾಗಿ ಹಿಡಿಸಿದೆ. ಇದನ್ನು ಹೀಗೇ ಬಿಟ್ಟರೆ ಗಾಡಿ ಜಕ್ಕಲಿಯಲ್ಲಿ ನಿಲ್ಲುತ್ತದೆ ಎಂದೆ. "ದೆವ್ವಕ್ಕೂ ಟೈಮ್ ಹಚ್ಚೀಯೇನು ಮಿಸ್ತ್ರಿ?" ಎಂದು ಸಾವುಕಾರ ನಕ್ಕ. ಮೈದುನ ಓಡಿಸಿದ, ನಾವಿಬ್ಬರೂ ಪಕ್ಕದಲ್ಲಿ ಕೂತೆವು. ಸೇತುವೆಯ ಹತ್ತಿರ ಗಾಡಿ ಎರಡು ಸಲ ಮುಗ್ಗರಿಸಿ ನಿಂತಿತು. ಸಾವುಕಾರನ ನಗೆಯೂ ನಿಂತಿತು.

ಕಟ್ಟೆಯ ಮೇಲೆ ಚಾಚಾ ಕೂತಿದ್ದರು. ಮುದುಕಿಯೂ, ಊರಿನ ಹತ್ತು ಹದಿನೈದು ಜನವೂ ಇದ್ದರು. ಚಾಚಾ ಎದ್ದು ಬಂದು, ಯಾರ ಮುಖವನ್ನೂ ನೋಡದೆ, ಪಕ್ಕಡ ತೆಗೆದರು. "ಸುಯ್" ಎಂದ ಸದ್ದು ಎಲ್ಲರಿಗೂ ಕೇಳಿತು. ತಗಡು ಟಪ್ಪೆಂದಿತು.

"ಇದು ನೋಡ್ರಿ ಸಾವ್ಕಾರ್ರ, ನಾ ಮಾಡಿದ ಮಾಟ" ಎಂದರು. ಮೈದುನ ಕೀ ತಿರುಗಿಸಿದ, ಎಂಜಿನ್ ಹಿಡಿಯಿತು.

ತಪ್ಪು ನನ್ನದು, ನಳಿಕೆ ಮುಚ್ಚಿದವನು ನಾನು, ಚಾಚಾ ಮೊದಲೇ ಹೇಳಿದ್ದರು ಎಂದು ನಾನು ಆ ಜನರ ಮುಂದೆ ಗಟ್ಟಿಯಾಗಿ ಹೇಳಿದೆ. ಮುದುಕಿ ನನ್ನ ಮಾತಿನ ಅರ್ಧಕ್ಕೇ ಸೊಸೆಯನ್ನು ಕರೆಯಲು ಮನೆಯ ಕಡೆ ಹೊರಟಳು. ಸಾವುಕಾರ ಎರಡು ಸಲ ಕೆಮ್ಮಿ, ಉಡದಾರದಿಂದ ಕೀಲಿ ಬಿಚ್ಚಿ ಮುಂದೆ ಹಿಡಿದ.

"ಆತು ಬಿಡಪಾ ಚಾಚಾ, ತಪ್ಪು ಯಾರಿಂದ ಆಗೂದಿಲ್ಲ? ತೊಗೊ. ನಾಳಿಂದ ಗಾಡಿ ಮ್ಯಾಲ ಬಾ."

"ಕೀಲಿ ನಿಮ್ಮ ಹತ್ರನ ಇರ್ಲಿ ಸಾವ್ಕಾರ್ರ. ಇಷ್ಟ ದಿನ ಗಾಡಿ ಇಲ್ಲಿ ನಿಂತಾಗ ನಿಮ್ಮ ಮಾಲ ಬಿಟ್ಟು ನಾ ಒಂದ ಸರ್ತಿನೂ ಮಗಳ ಹೊಸ್ತಲಾ ತುಳದಿಲ್ಲ. ಇವತ್ತ ನನ್ನ ಕೈಯಾಗ ಯಾರ ಮಾಲೂ ಇಲ್ಲ. ಅಕಿ ಮನ್ಯಾಗ ಉಂಡು ಹೋಗ್ತೀನಿ."

ನಾನು ಅವರ ಹಿಂದೆ ನಾಲ್ಕು ಹೆಜ್ಜೆ ಹೋದೆ. "ಚಾಚಾ, ಚಾದಂಗಡ್ಯಾಗ ನಾ ಆಡಿದ್ದು..." ಎಂದೆ.

"ಅದು ಗಾಳಿ ಮಾತು ಬಿಡ್ರಿ, ಎಲ್ಲಿ ಬೇಕಾದ್ರೂ ಹೋಗ್ತೈತಿ" ಎಂದವರು ಕೈಯಲ್ಲಿದ್ದ ಪಕ್ಕಡವನ್ನು ಹೆಗಲ ಟವೆಲ್ಲಿನಿಂದ ಒರೆಸಿ ನನಗೆ ಕೊಟ್ಟರು. "ನಂದೊಂದ ಮಾತೈತ್ರಿ. ನಾ ಗಾಳಿ ಅಂದಾಗ ಸಾವ್ಕಾರ್ರಿಗೆ ದೆವ್ವ ಕೇಳಿತು. ಅವರು ಸೀರಿ ಮಾರಾವ್ರು, ಹೋಗ್ಲಿ. ನೀವು ಮಿಸ್ತ್ರಿ. ನಿಮಗ ಹ್ಯಾಂಗ ದೆವ್ವ ಕೇಳಿತ್ರಿ?"

ಅವರು ಮಗಳ ಮನೆಯ ಕಡೆ ನಡೆದರು. ನಾನು ಗಾಡಿ ಹತ್ತಿದೆ. ಗಾಡಿ ಎಲ್ಲೂ ಮುಗ್ಗರಿಸಲಿಲ್ಲ. "ಮಿಸ್ತ್ರಿ ಅಂದ್ರ ನೀನ ಮಿಸ್ತ್ರಿ ನೋಡಪಾ" ಎಂದು ಸಾವುಕಾರ ದಾರಿಯುದ್ದಕ್ಕೂ ಹೊಗಳಿದ. ನರಗುಂದದ ತನಕ ಕೇಳಲಾಗದೆ ನಾನು ರೋಣದಲ್ಲೇ ಇಳಿದುಕೊಂಡೆ.